ಸವೆದ ಬ್ರೇಕ್ ಸಿಲಿಂಡರಿಗೆ ಹೊಸ ಒಳಗೊಳವೆ

ಮಸ್ಕಿ ಎಂದೊಡನೆ ನಿಮಗೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಅದನ್ನು ಬೆಳಕಿಗೆ ತಂದ ಬೀಡನ್ ಇತಿಹಾಸಕಾರನಲ್ಲ, ಚಿನ್ನದ ಗಣಿಗಾರಿಕೆಯ ಎಂಜಿನಿಯರು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆ ಈ ಊರಿನ ಮೇಲೆಯೇ ಹಾಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು; ಎತ್ತಿನ ಬಂಡಿಗಳ ಜೊತೆಗೆ ಜೀಪು, ಲಾರಿ, ಟ್ರ್ಯಾಕ್ಟರುಗಳು ಸೇರಿದವು. ಭಾರ ಹೊತ್ತ ವಾಹನವನ್ನು ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ.

ದ್ರವದ ಮೂಲಕ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವನ್ನು ನೀವು ಪಾಠ ಮಾಡಿರುತ್ತೀರಿ ಅಥವಾ ಓದಿರುತ್ತೀರಿ. 1795ರಲ್ಲಿ ಜೋಸೆಫ್ ಬ್ರಾಮಾ ಅದರಿಂದ ಒತ್ತುಯಂತ್ರ ಮಾಡಿದ. ಅದು ವಾಹನದ ಬ್ರೇಕಿಗೆ ಬರಲು ಮತ್ತೂ ನೂರಿಪ್ಪತ್ತು ವರ್ಷ ಬೇಕಾಯಿತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ದ್ರವ ಬ್ರೇಕಿಗೆ ಪೇಟೆಂಟ್ ಪಡೆದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಅದು ಬಂದಿತು. ಮೊದಲು ಪಿಸ್ಟನ್ನಿಗೆ ಚರ್ಮದ ಕಪ್ ಹಾಕುತ್ತಿದ್ದರು, ಅದು ಸೋರುತ್ತಿತ್ತು. 1924ರ ಕ್ರೈಸ್ಲರ್ ಕಾರಿಗಾಗಿ ಅಲ್ಲಿನ ಎಂಜಿನಿಯರುಗಳು ರಬ್ಬರ್ ಕಪ್ ತಂದರು. ಆ ಕಾಲದ ಬ್ರೇಕ್ ಎಣ್ಣೆಯಲ್ಲಿ ನಮ್ಮ ಹರಳೆಣ್ಣೆಯೂ ಇತ್ತು!

ಈಗಿನ ಗ್ಲೈಕಾಲ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಆ ನೀರಿನಿಂದ ಎರಕದ ಕಬ್ಬಿಣದ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಕುಳಿ ಬೀಳುತ್ತದೆ. ಕುಳಿಯ ಮೇಲೆ ಜಾರುವ ಕಪ್ ಹರಿಯುತ್ತದೆ, ಎಣ್ಣೆ ಸೋರುತ್ತದೆ, ಪೆಡಲ್ ತಳ ಮುಟ್ಟುತ್ತದೆ.

ಸವೆದ ಎಂಜಿನ್ನಿಗೆ ಬೋರು ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸುವುದುಂಟು. ಬ್ರೇಕಿಗೆ ಅದನ್ನೇ ಏಕೆ ಮಾಡಬಾರದು? ಲೆಕ್ಕ ಹಾಕಿ ನೋಡಿ. ಮಾಸ್ಟರ್ ಸಿಲಿಂಡರಿನ ವ್ಯಾಸ 25.4 ಮಿ.ಮೀ.ನಿಂದ 26.4 ಆದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ. 8ರಷ್ಟು ಹೆಚ್ಚುತ್ತದೆ. ಕಾಲು ಒತ್ತುವ ಬಲ ಅಷ್ಟೇ ಇದ್ದರೆ ದ್ರವದ ಒತ್ತಡ ಶೇ. 7ಕ್ಕಿಂತ ಹೆಚ್ಚು ಕುಸಿಯುತ್ತದೆ. ಒಂದೇ ಚಕ್ರದ ಸಿಲಿಂಡರನ್ನು ಹಿಗ್ಗಿಸಿದರೋ, ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಆದ್ದರಿಂದ ಲೇತಿನಲ್ಲಿ ಅಗಲವಾಗಿ ಕೊರೆದು, ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಕೊಳವೆಯನ್ನು ಕೂರಿಸಿ, ಒಳಗನ್ನು ಮೊದಲಿನ ಅಳತೆಗೇ ಉಜ್ಜಿ ನಯ ಮಾಡಬೇಕು. ಇದೇ ಸ್ಲೀವ್ ಹಾಕುವುದು. ಬಿಡಿಭಾಗ ಸಿಗದ ಹಳೆಯ ಜೀಪು, ಅಂಬಾಸಡರ್‌ಗಳಿಗೆ ಇದು ವರದಾನ.

ಕೊಳವೆ ಬಿಗಿಯಾಗಿ ಕೂರುವುದು ಹೇಗೆ? ನಮ್ಮ ಕಂಬಾರರು ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ನೆನಪಿಸಿಕೊಳ್ಳಿ. ಕುಳ್ಳಿನ ಬೆಂಕಿಯಲ್ಲಿ ಕಾಯ್ದು ಹಿಗ್ಗಿದ ಹಳಿ, ನೀರು ಸುರಿದೊಡನೆ ಕುಗ್ಗಿ ಮರವನ್ನು ಅಪ್ಪುತ್ತದೆ. ಇಲ್ಲಿ ಹಳಿಯ ಸ್ಥಾನದಲ್ಲಿ ಸಿಲಿಂಡರು. 28 ಮಿ.ಮೀ. ರಂಧ್ರವನ್ನು 150 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದು ಹಿಗ್ಗುವುದು ಸುಮಾರು 0.046 ಮಿ.ಮೀ. ಮಾತ್ರ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ! ಇಷ್ಟರೊಳಗೇ ಕೆಲಸ ಮುಗಿಯಬೇಕು. ಕಬ್ಬಿಣದ ಒಡಲಿನಲ್ಲಿ ಉಕ್ಕಿನ ಅಥವಾ ಹಿತ್ತಾಳೆಯ ಕೊಳವೆ ಬಿಸಿಯಾದಾಗ ಇನ್ನಷ್ಟು ಬಿಗಿಯಾಗುತ್ತದೆ, ಏಕೆಂದರೆ ಅವುಗಳ ವ್ಯಾಕೋಚನ ಹೆಚ್ಚು. ಅಲ್ಯೂಮಿನಿಯಂ ಒಡಲಿನಲ್ಲಿ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಮೊದಲೇ ಹೆಚ್ಚು ಬಿಗಿ ಇಡಬೇಕು.

ಇನ್ನೊಂದು ಮಾತು. ಮಾಸ್ಟರ್ ಸಿಲಿಂಡರಿನ ಗೋಡೆಯಲ್ಲಿ ಸೂಜಿ ತೂರುವಷ್ಟು ಸಣ್ಣ ರಂಧ್ರವೊಂದಿರುತ್ತದೆ. ಹೊಸ ಕೊಳವೆ ಅದನ್ನು ಮುಚ್ಚುತ್ತದೆ. ಅದೇ ಸ್ಥಳದಲ್ಲಿ ಮತ್ತೆ ಕೊರೆದು ಅಂಚಿನ ಮುಳ್ಳು ತೆಗೆಯದಿದ್ದರೆ, ಬಿಸಿಯಾಗಿ ಹಿಗ್ಗಿದ ಎಣ್ಣೆಗೆ ತೊಟ್ಟಿಗೆ ಮರಳುವ ದಾರಿ ಇಲ್ಲ. ಪೆಡಲಿನಿಂದ ಕಾಲು ತೆಗೆದರೂ ಬ್ರೇಕು ಬಿಡುವುದಿಲ್ಲ.