ಚಿಕಿತ್ಸೆಯ ಮೂರನೆಯ ಪಾದ

ವೈದ್ಯಶಾಸ್ತ್ರದ ಚರಿತ್ರೆಯನ್ನು ಓದುವಾಗಲೆಲ್ಲ ನನಗೊಂದು ಕೊರತೆ ಕಾಣುತ್ತದೆ. ರೋಗಕ್ರಿಮಿಯನ್ನು ಕಂಡವರ ಹೆಸರುಂಟು, ಮದ್ದನ್ನು ಕಂಡುಹಿಡಿದವರ ಹೆಸರುಂಟು. ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದವರ ಹೆಸರಿಲ್ಲ. ಈ ವಿಷಯದಲ್ಲಿ ನಮ್ಮ ಚರಕ ಉದಾರಿ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆತ ಎಣಿಸುತ್ತಾನೆ: ವೈದ್ಯ, ಔಷಧ, ಉಪಚಾರಕ, ರೋಗಿ. ಮೂರನೆಯವನಾದ ಉಪಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಈ ನಾಲ್ಕೂ ಇರಬೇಕೆಂದು ವಿಧಿಸುತ್ತಾನೆ.

ಈ ಮೂರನೆಯ ಪಾದದ ಬಲವೆಷ್ಟೆಂಬುದನ್ನು ಕ್ಷಯರೋಗದ ಕಥೆ ತೋರಿಸುವಷ್ಟು ಸ್ಪಷ್ಟವಾಗಿ ಬೇರೊಂದು ತೋರಿಸಲಾರದು. ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ಸಾರಿದ್ದು 1882ರ ಮಾರ್ಚ್ 24ರಂದು. ಆ ಬಳಿಕ ಅರುವತ್ತು ವರ್ಷಗಳವರೆಗೂ ಅದನ್ನು ಕೊಲ್ಲುವ ಮದ್ದಿರಲಿಲ್ಲ. ಮದನಪಲ್ಲಿಯ ಬಳಿ ಆರೋಗ್ಯವರಂ, ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನ ಸ್ಯಾನಟೋರಿಯಂ ಇಂಥವು ಎದ್ದುನಿಂತುವು. ಅಲ್ಲಿ ಕೊಡಬಹುದಾಗಿದ್ದುದು ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಇವನ್ನು ರೋಗಿಗೆ ಮುಟ್ಟಿಸುತ್ತಿದ್ದವರು ದಾದಿಯರು, ಆಯಾಗಳು, ವಾರ್ಡಿನ ಆಳುಗಳು. ಜ್ವರದ ಏರಿಳಿತವನ್ನು ಗುರುತುಹಾಕುವುದು, ಕಫದ ಬಟ್ಟಲನ್ನು ಶುದ್ಧಿಮಾಡುವುದು, ರಾತ್ರಿಯ ಬೆವರಿನಿಂದ ತೊಯ್ದ ಹಾಸಿಗೆಯನ್ನು ಬದಲಿಸುವುದು, ರಕ್ತ ಕಾರಿದಾಗ ಗಾಬರಿಗೊಂಡವನನ್ನು ಒರಗಿಸಿ ಕೂರಿಸಿ ಸಮಾಧಾನ ಹೇಳುವುದು—ಇಷ್ಟೇ ಅಂದಿನ ಚಿಕಿತ್ಸೆ. ಅಂಟುವ ರೋಗವೆಂದು ಬಂಧುಗಳೇ ದೂರ ನಿಂತ ಕಾಲದಲ್ಲಿ ಸಂಬಳದ ಆಳು ಹತ್ತಿರ ನಿಂತಿದ್ದ.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಅದರ ಹಿಂದೆಯೇ ಪಿ.ಎ.ಎಸ್., 1952ರಲ್ಲಿ ಅಗ್ಗದ ಐಸೊನಿಯಜಿಡ್. ಇನ್ನು ಉಪಚಾರಕನ ಕೆಲಸ ತೀರಿತೆಂದು ಯಾರಿಗಾದರೂ ಅನ್ನಿಸಬೇಕು. ಆದದ್ದು ಬೇರೆ. ನಮ್ಮ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಸಾವಿರಗಟ್ಟಲೆ. ಮನೆಯಲ್ಲೇ ಇಟ್ಟುಕೊಂಡು ಮದ್ದು ಕೊಟ್ಟರೆ ಸಾಲದೆ? ಈ ಪ್ರಶ್ನೆಯನ್ನು ಹಿಡಿದು 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ವರ್ಷಪೂರ್ತಿ ಸ್ಯಾನಟೋರಿಯಮ್ಮಿನಲ್ಲಿಟ್ಟರು. ಇನ್ನೊಂದನ್ನು ಇಕ್ಕಟ್ಟಾದ ಅವರ ಮನೆಗಳಲ್ಲೇ ಬಿಟ್ಟರು. ಎರಡಕ್ಕೂ ಅದೇ ಮದ್ದು. 1959ರಲ್ಲಿ ಫಲಿತಾಂಶ ಹೊರಬಿತ್ತು. ಸ್ಯಾನಟೋರಿಯಮ್ಮಿನಲ್ಲಿ ಗುಣ ಕಂಡವರು ನೂರಕ್ಕೆ 92, ಮನೆಯಲ್ಲಿ 86. ಊಟ ಕಳಪೆ, ವಿಶ್ರಾಂತಿ ಕಡಮೆ. ಆದರೂ ಅಂತರ ಅಷ್ಟೇ. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿದ್ದೂ ಇಲ್ಲ. ಸ್ಯಾನಟೋರಿಯಂ ಯುಗ ಮುಗಿಯತೊಡಗಿದ್ದು ಇಲ್ಲಿಂದ.

ಇದನ್ನು ಮದ್ದಿನ ವಿಜಯವೆಂದು ಬರೆಯುವುದು ವಾಡಿಕೆ. ಅದು ಅರ್ಧ ಸತ್ಯವೆಂದು ನನ್ನ ಎಣಿಕೆ. ಎರಡು ಮೂರು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ. ಆಮೇಲೂ ಹೊಟ್ಟೆ ತೊಳಸುವ ಪಿ.ಎ.ಎಸ್. ನುಂಗಲು ಯಾರ ಮನಸ್ಸು ಒಪ್ಪೀತು? ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ. ಮದ್ದಿಗೆ ಮಣಿಯದ ಕ್ರಿಮಿಯೂ ಬೆಳೆಯಬಹುದು. ಆದ್ದರಿಂದ ಆರೋಗ್ಯ ಸಂದರ್ಶಕಿಯರು ಹೇಳದೆ ಕೇಳದೆ ಮನೆಗಳಿಗೆ ಹೋಗಿ ಉಳಿದ ಮದ್ದನ್ನು ಎಣಿಸುತ್ತಿದ್ದರು; ಮದ್ದು ಹೊಟ್ಟೆಗೆ ಸೇರಿದೆಯೇ ಎಂದು ತಿಳಿಯಲು ಮೂತ್ರ ಪರೀಕ್ಷೆಯೂ ಇತ್ತು. ಪೋಲೀಸರ ಕೆಲಸದಂತೆ ಕಂಡೀತು. ಆದರೆ ಎಣಿಕೆಯಿಂದ ತಿಳಿಯುವುದು ಗುಳಿಗೆ ಉಳಿದಿದೆ ಎಂಬುದಷ್ಟೇ. ಏಕೆ ಉಳಿಯಿತೆಂಬುದನ್ನು ಕೇಳಿಯೇ ತಿಳಿಯಬೇಕು. ‘ಶುಶ್ರೂಷೆ’ ಎಂಬ ಮಾತಿಗೆ ಮೂಲಾರ್ಥವೇ ಕೇಳುವ ಇಚ್ಛೆ. ಸೇವೆ ಎಂಬ ಅರ್ಥ ಆಮೇಲೆ ಬಂದದ್ದು.

ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ತುಮಕೂರು ಜಿಲ್ಲೆಯೇ ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞರು, ಆಸ್ಪತ್ರೆಗೆ ಬಾರರು ಎಂಬುದು ಪಟ್ಟಣದವರ ನಂಬಿಕೆಯಾಗಿತ್ತಲ್ಲವೆ? ಕ್ಷಯವಿದ್ದವರಲ್ಲಿ ಬಹುಪಾಲು ಮಂದಿಗೆ ತಮ್ಮ ಮೈಯ ಕೇಡು ತಿಳಿದಿತ್ತು. ಅರ್ಧದಷ್ಟು ಜನ ಆಗಲೇ ಆಧುನಿಕ ವೈದ್ಯವನ್ನು ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ದೊರೆತದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧಿ. ಅವರು ಹೇಳಿದ್ದರು, ಕೇಳಿದವರಿಲ್ಲ.

ಇಂದು ಮದ್ದು ಇನ್ನೂ ಚುರುಕಾಗಿದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಸಾಕು. ಆದರೂ ರೋಗಿಗಳ ಸಂಖ್ಯೆಯಲ್ಲಿ ಜಗತ್ತಿಗೆಲ್ಲ ಮೊದಲು ನಮ್ಮ ದೇಶವೇ. ಹಳ್ಳಿಯ ಆಶಾ ಕಾರ್ಯಕರ್ತೆ, ಆಸ್ಪತ್ರೆಯ ಸಹಾಯಕಿ ಅದೇ ಹಳೆಯ ಕೆಲಸವನ್ನು ಇಂದಿಗೂ ಮಾಡುತ್ತಿದ್ದಾರೆ. ಅವರ ಗೌರವಧನ, ಸಂಬಳಗಳ ಲೆಕ್ಕ ಬಂದಾಗ ಮಾತ್ರ ಅವರನ್ನು ಚಿಕಿತ್ಸೆಯ ಹೊರಗಿನವರೆಂದು ಎಣಿಸುತ್ತೇವೆ. ಚರಕನ ಲೆಕ್ಕದಲ್ಲಿ ಅವರು ನಾಲ್ಕರಲ್ಲಿ ಒಂದು ಪಾಲು. ಆ ಪಾಲನ್ನು ಕೊಡದೆ ಅವರಿಂದ ದುಡಿಸಿಕೊಳ್ಳುವುದು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಓದುಗರೇ ಯೋಚಿಸಬೇಕು.