ಫ್ಯಾಕ್ಟರಿ ರೀಸೆಟ್ ಮತ್ತು ರಿಕವರಿ ಪಾರ್ಟಿಷನ್: ಲ್ಯಾಪ್‌ಟಾಪ್ ಪುನಃಸ್ಥಾಪನೆಯ ಇತಿಹಾಸ

ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಹೊರಬಿದ್ದಾಗ ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ, ಬಿಡಿಭಾಗಗಳನ್ನು ನಡೆಸುವ ಡ್ರೈವರ್‌ಗಳು ಮತ್ತು ತಯಾರಕರು ಸೇರಿಸಿದ್ದ ತಂತ್ರಾಂಶಗಳನ್ನು ಮತ್ತೆ ಅದೇ ಸ್ಥಿತಿಗೆ ತರುವ ಕ್ರಿಯೆಗೆ ಫ್ಯಾಕ್ಟರಿ ರೀಸೆಟ್ ಎಂದು ಹೆಸರು. ಇದಕ್ಕೆ ಬೇಕಾದ ಮೂಲ ಪ್ರತಿಯನ್ನು ಲ್ಯಾಪ್‌ಟಾಪಿನ ಡಿಸ್ಕಿನಲ್ಲೇ ಬೇರೆ ಮಾಡಿಟ್ಟ, ಸಾಮಾನ್ಯವಾಗಿ ಬಳಕೆದಾರರ ಕಣ್ಣಿಗೆ ಬೀಳದ ಭಾಗವೇ ರಿಕವರಿ ಪಾರ್ಟಿಷನ್. ಈ ಭಾಗ ಅಳಿಸಿಹೋದ ಯಂತ್ರವನ್ನು ಸರಿಪಡಿಸುವ ವಿಧಾನ ಕಾಲಕಾಲಕ್ಕೆ ಬದಲಾಗಿದೆ; ಮೂಲ ಪ್ರತಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಉದ್ಯಮ ಆಯಾ ಕಾಲದಲ್ಲಿ ಕೊಟ್ಟ ಉತ್ತರವೇ ಆ ವಿಧಾನವನ್ನು ನಿರ್ಧರಿಸಿದೆ.

1981ರಲ್ಲಿ ಐಬಿಎಂ ಪಿಸಿ ಮಾರುಕಟ್ಟೆಗೆ ಬಂದಾಗ ಈ ಪ್ರಶ್ನೆಯೇ ಇರಲಿಲ್ಲ. ಅದರ ಆಪರೇಟಿಂಗ್ ಸಿಸ್ಟಂ ಆದ ಡಾಸ್ ಫ್ಲಾಪಿಗಳಲ್ಲಿ ಬರುತ್ತಿತ್ತು, ಆ ಫ್ಲಾಪಿಗಳು ಕೊಂಡವರ ಬಳಿಯೇ ಇರುತ್ತಿದ್ದವು, ಯಂತ್ರ ಕೆಟ್ಟರೆ ಅವುಗಳಿಂದಲೇ ಮತ್ತೆ ಹಾಕಿಕೊಳ್ಳಬಹುದಿತ್ತು. ತೊಂಬತ್ತರ ದಶಕದಲ್ಲಿ ವಿಂಡೋಸ್ ದೊಡ್ಡದಾಗಿ, ಪ್ರತಿ ಮಾದರಿಗೂ ಬೇರೆ ಬೇರೆ ಡ್ರೈವರ್‌ಗಳು ಬೇಕಾದಾಗ, ತಯಾರಕರು ತಮ್ಮ ಯಂತ್ರಕ್ಕೆಂದೇ ಸಿದ್ಧಪಡಿಸಿದ ರಿಕವರಿ ಸಿಡಿಗಳನ್ನು ಕೊಡತೊಡಗಿದರು. ಇಡೀ ಡಿಸ್ಕಿನ ಸ್ಥಿತಿಯನ್ನು ಒಂದೇ ಕಡತವಾಗಿ ಸೆರೆಹಿಡಿದು ಇನ್ನೊಂದು ಡಿಸ್ಕಿಗೆ ಹಾಗೆಯೇ ಇಳಿಸುವ ಡಿಸ್ಕ್ ಇಮೇಜಿಂಗ್ ತಂತ್ರ ಇದಕ್ಕೆ ಒತ್ತಾಸೆಯಾಯಿತು. ನ್ಯೂಜಿಲೆಂಡಿನ ಮರ್ರೇ ಹ್ಯಾಸ್ಝರ್ಡ್ ರೂಪಿಸಿದ, 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡ ಘೋಸ್ಟ್ ಈ ಬಗೆಯ ತಂತ್ರಾಂಶಗಳಲ್ಲಿ ಅತ್ಯಂತ ಹೆಸರು ಮಾಡಿತು.

2000ದ ಆಸುಪಾಸಿನಲ್ಲಿ ದೊಡ್ಡ ತಿರುವು ಬಂತು. ಯಾವ ಯಂತ್ರಕ್ಕಾದರೂ ಹಾಕಬಹುದಾದ ಪೂರ್ಣ ವಿಂಡೋಸ್ ಸಿಡಿ ಪ್ರತಿ ಗಣಕದ ಜೊತೆ ಹೋದರೆ ನಕಲು ಹೆಚ್ಚುತ್ತದೆಂದು ಮೈಕ್ರೋಸಾಫ್ಟ್ ಭಾವಿಸಿತು. ಡಿಸ್ಕಿಗೆ ತಗಲುವ ಖರ್ಚು ಉಳಿದರೆ ತಯಾರಕರಿಗೂ ಲಾಭವಿತ್ತು. ಹಾರ್ಡ್ ಡಿಸ್ಕುಗಳ ಗಾತ್ರವೂ ಅಷ್ಟರಲ್ಲಿ ಬೆಳೆದಿತ್ತು. ಹೀಗಾಗಿ ಮೂಲ ಪ್ರತಿ ಮಾಲೀಕರ ಕಪಾಟಿನಿಂದ ಯಂತ್ರದ ಒಳಕ್ಕೆ ಸರಿಯಿತು. ಆನ್ ಮಾಡುವಾಗ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಮತ್ತು ಎಫ್10, ಏಸಸ್‌ನಲ್ಲಿ ಎಫ್9 ಒತ್ತಿದರೆ ಪುನಃಸ್ಥಾಪನೆ ಆರಂಭವಾಗುತ್ತಿತ್ತು. ಡಿವಿಡಿಗೆ ಪ್ರತಿ ಮಾಡಿಕೊಳ್ಳಿರೆಂದು ಯಂತ್ರ ನೆನಪಿಸುತ್ತಿತ್ತಾದರೂ ಬಹಳ ಮಂದಿ ಆ ಸೂಚನೆಯನ್ನು ಮುಚ್ಚಿ ಮುಂದೆ ಹೋಗುತ್ತಿದ್ದರು.

ಈ ಏರ್ಪಾಡಿನ ದೋಷ ಅದರ ಹುಟ್ಟಿನಲ್ಲೇ ಇತ್ತು. ಡಿಸ್ಕು ಕೆಟ್ಟರೆ ಆಪರೇಟಿಂಗ್ ಸಿಸ್ಟಂ ಮತ್ತು ಅದನ್ನು ಮರಳಿ ತರಬೇಕಾದ ಪ್ರತಿ ಎರಡೂ ಒಟ್ಟಿಗೆ ಹೋಗುತ್ತಿದ್ದವು. ಹಾರ್ಡ್ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಿಸಿದವರು, ಲಿನಕ್ಸ್ ಹಾಕುವಾಗ ಇಡೀ ಡಿಸ್ಕನ್ನು ಒರೆಸಿದವರು, ಜಾಗ ಸಾಲದೆಂದು ಅಪರಿಚಿತ ಪಾರ್ಟಿಷನ್ನನ್ನು ಅಳಿಸಿದವರು ಅದನ್ನು ತಿಳಿಯದೆ ಕಳೆದುಕೊಂಡರು. ಕೆಲವೊಮ್ಮೆ ಪಾರ್ಟಿಷನ್ ಇದ್ದೂ ಇಲ್ಲದಂತಾಗುತ್ತಿತ್ತು: ರಿಕವರಿ ಕೀಲಿಯನ್ನು ಗುರುತಿಸುತ್ತಿದ್ದದ್ದು ಡಿಸ್ಕಿನ ಮೊದಲ ವಲಯವಾದ ಮಾಸ್ಟರ್ ಬೂಟ್ ರೆಕಾರ್ಡಿನಲ್ಲಿ ಕೆಲವು ತಯಾರಕರು ಬರೆದಿಟ್ಟಿದ್ದ ವಿಶೇಷ ಸಂಕೇತ, ಅದರ ಮೇಲೆ ಬೇರೆ ಬೂಟ್ ಸಂಕೇತ ಬಿದ್ದರೆ ದತ್ತಾಂಶ ಹಾಗೆಯೇ ಇದ್ದರೂ ಕೀಲಿ ಕೆಲಸ ಮಾಡುತ್ತಿರಲಿಲ್ಲ. ಕ್ರಿಸ್ಟೋಫ್ ಗ್ರೆನಿಯೇ ರಚಿಸಿದ ಮುಕ್ತ ತಂತ್ರಾಂಶ ಟೆಸ್ಟ್‌ಡಿಸ್ಕ್, ಕಳೆದುಹೋದ ಪಾರ್ಟಿಷನ್ನುಗಳನ್ನು ಡಿಸ್ಕಿನಲ್ಲಿ ಹುಡುಕಿ ಪಾರ್ಟಿಷನ್ ಪಟ್ಟಿಗೆ ಮರಳಿ ಸೇರಿಸಬಲ್ಲದು. ಆದರೆ ಆ ಜಾಗದ ಮೇಲೆ ಹೊಸ ದತ್ತಾಂಶ ಬರೆದಾಗಿದ್ದರೆ ಅದರಿಂದಲೂ ಪ್ರಯೋಜನವಿಲ್ಲ.

ಪ್ರತಿಯ ಮೇಲಿನ ಹಕ್ಕಿನ ಪ್ರಶ್ನೆ ಅಮೆರಿಕದ ನ್ಯಾಯಾಲಯವನ್ನೂ ತಲುಪಿತು. ಇ-ತ್ಯಾಜ್ಯ ಮರುಬಳಕೆಯಲ್ಲಿ ಹೆಸರಾಗಿದ್ದ ಎರಿಕ್ ಲಂಡ್‌ಗ್ರೆನ್, ಹಳೆಯ ಡೆಲ್ ಗಣಕಗಳಿಗಾಗಿ ಸುಮಾರು 28,000 ರಿಸ್ಟೋರ್ ಡಿಸ್ಕುಗಳನ್ನು ಚೀನಾದಲ್ಲಿ ಮಾಡಿಸಿದ್ದರು. ಆ ಡಿಸ್ಕುಗಳ ಮೇಲೆ ಡೆಲ್‌ನ ಚಿಹ್ನೆಯೂ ಇತ್ತು. ಆ ತಂತ್ರಾಂಶ ಪರವಾನಗಿಯುಳ್ಳವರಿಗೆ ಉಚಿತವಾಗಿಯೇ ಸಿಗುತ್ತದೆ, ಪರವಾನಗಿಯಿಲ್ಲದ ಬರಿಯ ಡಿಸ್ಕಿಗೆ ಬೆಲೆಯಿಲ್ಲ ಎಂಬುದು ಅವರ ವಾದವಾಗಿತ್ತು. ನ್ಯಾಯಾಲಯ ಪ್ರತಿ ಡಿಸ್ಕಿಗೆ 25 ಡಾಲರ್ ಬೆಲೆ ಕಟ್ಟಿ 15 ತಿಂಗಳ ಸೆರೆವಾಸ ವಿಧಿಸಿತು. 2018ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಚಿಹ್ನೆಯ ನಕಲು ತಪ್ಪೇ ಆಗಿದ್ದರೂ, ಹಳೆಯ ಯಂತ್ರವನ್ನು ಮತ್ತೆ ಬಳಕೆಗೆ ತರುವ ಸಾಧನದ ಬೆಲೆಯನ್ನು ಹೀಗೆ ಲೆಕ್ಕ ಹಾಕಿದ್ದು ದುರಸ್ತಿಯ ಹಕ್ಕಿನ ಪರವಾದವರನ್ನು ಕಳವಳಕ್ಕೀಡುಮಾಡಿತು, ಆ ಕಳವಳ ನ್ಯಾಯವಾದದ್ದೇ.

ಈ ನಡುವೆ ತಂತ್ರಜ್ಞಾನವೇ ಸಮಸ್ಯೆಯ ಸ್ವರೂಪವನ್ನು ಬದಲಿಸುತ್ತಿತ್ತು. 2011ರ ಜುಲೈನಲ್ಲಿ ಮ್ಯಾಕ್ ಓಎಸ್ ಟೆನ್ ಲಯನ್ ಬಿಡುಗಡೆಯಾದಾಗ ಆಪಲ್, ಚಿಕ್ಕದೊಂದು ರಿಕವರಿ ಪಾರ್ಟಿಷನ್ನಿನ ಜೊತೆಗೆ, ಅದೂ ಇಲ್ಲವಾದರೆ ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ತಂತ್ರಾಂಶ, ನೇರವಾಗಿ ಅಂತರಜಾಲದಿಂದ ವ್ಯವಸ್ಥೆಯನ್ನು ತರಿಸಿಕೊಳ್ಳುವ ಏರ್ಪಾಡನ್ನೂ ಹೊಸ ಯಂತ್ರಗಳಲ್ಲಿ ತಂದಿತು. 2012ರಲ್ಲಿ ಬಂದ ವಿಂಡೋಸ್ 8 ರೀಸೆಟ್ ಅನ್ನು ವ್ಯವಸ್ಥೆಯ ಸೆಟ್ಟಿಂಗ್ಸ್‌ನ ಭಾಗವಾಗಿಸಿತು. ಅದಕ್ಕಿಂತ ಮುಖ್ಯವಾಗಿ, ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುತ್ತಿದ್ದ ಪ್ರಾಡಕ್ಟ್ ಕೀ ಅಂದಿನಿಂದ ಫರ್ಮ್‌ವೇರ್‌ನಲ್ಲೇ ಕುಳಿತಿತು. ಡಿಸ್ಕು ಬದಲಾದರೂ ಪರವಾನಗಿ ಉಳಿಯುವಂತಾಯಿತು. 2015ರ ವಿಂಡೋಸ್ 10 ಪ್ರತ್ಯೇಕ ಇಮೇಜಿನ ಅಗತ್ಯವನ್ನೇ ಬಿಟ್ಟು, ಚಾಲನೆಯಲ್ಲಿರುವ ವ್ಯವಸ್ಥೆಯ ಕಡತಗಳಿಂದಲೇ ತನ್ನನ್ನು ಮರುಕಟ್ಟಿಕೊಳ್ಳತೊಡಗಿತು. 2020ರ ಮೇ ತಿಂಗಳ ಆವೃತ್ತಿಯಲ್ಲಿ ಅಂತರಜಾಲದಿಂದ ಹೊಸ ಪ್ರತಿ ಇಳಿಸಿಕೊಳ್ಳುವ ಕ್ಲೌಡ್ ಡೌನ್‌ಲೋಡ್ ಆಯ್ಕೆ ಸೇರಿತು.

ಇಂದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಉಳಿದಿರುವ ರಿಕವರಿ ಪಾರ್ಟಿಷನ್ನಿನಲ್ಲಿ ಬಹುತೇಕ ಇರುವುದು ದುರಸ್ತಿ ಪರಿಕರಗಳಷ್ಟೇ. ಆದರೂ ಅದು ನಗಣ್ಯವಲ್ಲ: 2024ರ ಜನವರಿಯಲ್ಲಿ ಬಂದ ಒಂದು ಸುರಕ್ಷತಾ ಪರಿಷ್ಕರಣೆ, ಈ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಜಾಗ ಸಿಗದ ಯಂತ್ರಗಳಲ್ಲಿ ವಿಫಲವಾಗಿ, ಪಾರ್ಟಿಷನ್ನನ್ನು ಕೈಯಾರೆ ಹಿಗ್ಗಿಸಿಕೊಳ್ಳಿರೆಂದು ಮೈಕ್ರೋಸಾಫ್ಟ್ ಸೂಚನೆ ಕೊಡಬೇಕಾಯಿತು. ಪಾರ್ಟಿಷನ್ ಇಲ್ಲವೇ ಇಲ್ಲವೆಂದಾದರೆ ಇನ್ನೊಂದು ಗಣಕದಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಸ್ಥಾಪನಾ ಪ್ರತಿ ಮಾಡಿ, ಅದರಿಂದ ಬೂಟ್ ಮಾಡಿ, ಮೊದಲಿದ್ದ ಆವೃತ್ತಿಯನ್ನೇ ಹಾಕಿ, ತಯಾರಕರ ತಾಣದಿಂದ ಮಾದರಿಗೆ ತಕ್ಕ ಡ್ರೈವರ್‌ಗಳನ್ನು ಸೇರಿಸುವುದು ರೂಢಿಯ ಮಾರ್ಗ. ಡೆಲ್, ಎಚ್‌ಪಿ, ಲೆನೊವೊ ತಮ್ಮ ಹಲವು ಮಾದರಿಗಳಿಗೆ ಕಾರ್ಖಾನೆಯ ಪ್ರತಿಯನ್ನೇ ಇಳಿಸಿಕೊಳ್ಳಲು ಬಿಡುತ್ತವೆ.

ಭಾರತದ ಮಾರುಕಟ್ಟೆಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬೆಲೆ ತಗ್ಗಿಸಲು ವಿಂಡೋಸ್ ಇಲ್ಲದೆ, ಫ್ರೀಡಾಸ್ ಅಥವಾ ಲಿನಕ್ಸ್ ಹಾಕಿ ಮಾರಿದ ಲ್ಯಾಪ್‌ಟಾಪ್‌ಗಳು ಇಲ್ಲಿ ಬಹಳ ಕಾಲ ಸಾಮಾನ್ಯವಾಗಿದ್ದವು. ಅಂಗಡಿಯವರು ನಂತರ ವಿಂಡೋಸ್ ಹಾಕಿಕೊಟ್ಟ ಅಂಥ ಯಂತ್ರಗಳಲ್ಲಿ ವಿಂಡೋಸ್‌ನ ಕಾರ್ಖಾನೆ ಪ್ರತಿಯಾಗಲಿ ಫರ್ಮ್‌ವೇರ್‌ನಲ್ಲಿ ಅದರ ಪರವಾನಗಿಯಾಗಲಿ ಮೊದಲಿನಿಂದಲೂ ಇರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನು ಮೊದಲೇ ಪರೀಕ್ಷಿಸುವುದು ಒಳ್ಳೆಯದು.

ಯಾವ ಕಾಲದ ರಿಕವರಿ ಪಾರ್ಟಿಷನ್ನೂ ಬಳಕೆದಾರರ ಸ್ವಂತ ಕಡತಗಳ ಪ್ರತಿಯನ್ನು ಇಟ್ಟುಕೊಂಡದ್ದಿಲ್ಲ. ಆದ್ದರಿಂದ ಪುನಃಸ್ಥಾಪನೆಗೆ ತೊಡಗುವ ಮುನ್ನ ದಾಖಲೆ ಮತ್ತು ಚಿತ್ರಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬೇಕು, ಬಿಟ್‌ಲಾಕರ್ ಗೂಢಲಿಪೀಕರಣ ಇರುವ ಯಂತ್ರವಾದರೆ ಅದರ 48 ಅಂಕಿಗಳ ರಿಕವರಿ ಕೀಲಿಯನ್ನೂ ಯಂತ್ರದ ಹೊರಗೆ ಬರೆದಿಟ್ಟುಕೊಳ್ಳಬೇಕು.