ಮೇಘದೂತನನ್ನು ಸಾಕಿದವರು

ಅಂಚೆ ಕೌಂಟರಿನಲ್ಲಿ ಕೈಬರಹದ ರಸೀದಿ ಹೋಗಿ ಪ್ರಿಂಟರ್ ರಸೀದಿ ಬಂದದ್ದು ಹಲವರಿಗೆ ನೆನಪಿರಬಹುದು. ಅದರ ಹಿಂದಿದ್ದ ತಂತ್ರಾಂಶದ ಹೆಸರು ‘ಮೇಘದೂತ್’. ಅದು ತಯಾರಾದದ್ದು ನಮ್ಮ ಮೈಸೂರಿನ ಅಂಚೆ ತರಬೇತಿ ಕೇಂದ್ರದಲ್ಲಿ.

ಊರೂರಲ್ಲಿ ಅದನ್ನು ನಡೆಸಿದ ಸಿಸ್ಟಂ ಅಡ್ಮಿನಿಸ್ಟ್ರೇಟರುಗಳು ಅಂಚೆ ಸಹಾಯಕರಾಗಿ ಸೇರಿ, ಠಸ್ಸೆ ಹೊಡೆಯುತ್ತಲೇ ಎಸ್‌ಕ್ಯೂಎಲ್ ಸರ್ವರ್ ಕಲಿತವರು. ಉಳಿತಾಯ ಖಾತೆಗಳಿಗೆ ‘ಸಂಚಯ್ ಪೋಸ್ಟ್’ ಇತ್ತು. ಆಯಾ ಕಚೇರಿಯ ಖಾತೆ ಆಯಾ ಕಚೇರಿಯ ಸರ್ವರಿನಲ್ಲೇ. ಹಾರ್ಡ್ ಡಿಸ್ಕ್ ಕೈಕೊಟ್ಟು, ಬ್ಯಾಕಪ್ಪೂ ಇಲ್ಲದಿದ್ದರೆ, ಕೂಲಿಯವರ ಆರ್‌ಡಿ ಲೆಕ್ಕವನ್ನೆಲ್ಲ ಲೆಡ್ಜರ್ ನೋಡಿ ಮತ್ತೆ ಟೈಪ್ ಮಾಡಬೇಕು. ಹಾಗಾಗಿ ಸಂಜೆ ಬ್ಯಾಕಪ್ ತೆಗೆದು, ಅದರ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಡುವುದು ಇವರ ಮೊದಲ ಪಾಠ.

2013ರ ಕೊನೆಯಿಂದ ಖಾತೆಗಳು ಇನ್ಫೋಸಿಸ್‌ನ ಫಿನಾಕಲ್‌ಗೆ ಹೋಗತೊಡಗಿದವು. ಆಗಿನ ದುಡಿಮೆ ಹೊರಗಿನವರಿಗೆ ಗೊತ್ತೇ ಇಲ್ಲ. ತಪ್ಪು ಹೆಸರು, ತಪ್ಪು ದಿನಾಂಕ, ಮುಚ್ಚಿ ವರ್ಷವಾದರೂ ಚಾಲ್ತಿ ಎಂದು ತೋರುವ ಖಾತೆ. ಇವನ್ನೆಲ್ಲ ಹುಡುಕಿ ತಿದ್ದಬೇಕಿತ್ತು. ಅಂಚೆ ಗಣಕೀಕರಣದ ಚರಿತ್ರೆ ಬರೆಯುವವರು ಉದ್ಘಾಟನೆಯ ಫೋಟೊ ಬಿಟ್ಟು ಇಲ್ಲಿಂದ ಶುರುಮಾಡಬೇಕು ಅನ್ನುವುದು ನನ್ನ ಹಟ.

2025ರ ಆಗಸ್ಟಿನಲ್ಲಿ ದೇಶದ ಅಂಚೆ ಕಚೇರಿಗಳು ಎಪಿಟಿ ಎಂಬ ಹೊಸ ತಂತ್ರಾಂಶಕ್ಕೆ ಬಂದವು. ಅದನ್ನು ಬರೆದದ್ದು ಇಲಾಖೆಯದೇ ಸಿಇಪಿಟಿ. ಆ ಸಂಸ್ಥೆಯ ಬೇರೂ ಮೈಸೂರಿನದೇ.